ಗೇಟಿನ ಮೇಲಿನ ನೇರಳೆ ಬಳ್ಳಿ

1/9
ಇಂದಿರಾನಗರದ ಕೆಫೆಗಳಲ್ಲಿ ಸೀಲಿಂಗಿಂದ ಗೊಂಚಲು ಗೊಂಚಲಾಗಿ ನೇತಾಡೋ ನೇರಳೆ ಹೂವಿನ ಕೆಳಗೆ ನಮ್ಮ ಕ್ಲಾಸಿನ ಅರ್ಧ ಜನ ರೀಲ್ ಮಾಡಿದ್ದೀರಿ. ಆ ಹೂವಿನ ಹೆಸರು ವಿಸ್ಟೀರಿಯಾ. ಅಲ್ಲಿರೋದು ಪ್ಲಾಸ್ಟಿಕ್. ‘ಬ್ರಿಜರ್ಟನ್’ ಸೀರೀಸಲ್ಲಿ ಆ ದೊಡ್ಡ ಮನೆಯ ಗೋಡೆ ತುಂಬ ಹಬ್ಬಿರೋದೂ ಶೂಟಿಂಗಿಗೆ ಅಂತ ಕಟ್ಟಿದ ನಕಲಿ ಹೂವೇ. ‘ಡೀಮನ್ ಸ್ಲೇಯರ್’ ನೋಡಿದವರಿಗಂತೂ ಹೇಳೋದೇ ಬೇಡ, ರಾಕ್ಷಸರು ಹತ್ತಿರ ಬರದ ಹಾಗೆ ಬೆಟ್ಟದ ಸುತ್ತ ಅರಳಿರತ್ತಲ್ಲ, ಅದೇ. ಜಪಾನಿನಲ್ಲಿ ಅದಕ್ಕೆ ಫುಜಿ ಅಂತಾರೆ.

ಮಾರ್ಚಲ್ಲಿ ನಾನೊಂದು ಫೋಟೋ ಹಾಕಿದ್ದೆ. ಹಲಸೂರಿನ ಹತ್ತಿರದ ಒಂದು ಹಳೇ ಬಂಗಲೆ, ತುಕ್ಕು ಹಿಡಿದ ಗೇಟು, ಅದರ ಮೇಲೆ ಕಮಾನಿನ ಹಾಗೆ ಬಾಗಿದ ನೇರಳೆ ಬಳ್ಳಿ. ಕೆಳಗೆ ಬಂದ ಕಾಮೆಂಟುಗಳಲ್ಲಿ ಮುಕ್ಕಾಲು ಪಾಲು ಒಂದೇ ಪ್ರಶ್ನೆ: ‘ಬೆಂಗಳೂರಲ್ಲೂ ವಿಸ್ಟೀರಿಯಾ ಇದ್ಯಾ?’

ಅದು ವಿಸ್ಟೀರಿಯಾ ಅಲ್ಲ, ಪೆಟ್ರಿಯಾ. ಎರಡಕ್ಕೂ ಸಂಬಂಧವೇ ಇಲ್ಲ, ಕುಟುಂಬವೇ ಬೇರೆ. ಆದರೆ ದೂರದಿಂದ ನೋಡಿದರೆ ಅಕ್ಕತಂಗಿ ಅನ್ನಬೇಕು, ಅಷ್ಟು ಹೋಲಿಕೆ. ಈ ಸರಣಿ ಆ ಗೇಟಿನ ಬಳ್ಳಿಯದ್ದು. ನಿಜವಾದ ವಿಸ್ಟೀರಿಯಾ ನಮ್ಮೂರಲ್ಲಿ ಯಾಕೆ ಹೂ ಬಿಡಲ್ಲ, ಅದರ ಜಾಗಕ್ಕೆ ಬಂದ ಬಳ್ಳಿಗಳಿಗೆ ಹೆಸರು ಎಲ್ಲಿಂದ ಬಂತು, ಮತ್ತೆ ನನಗೆ ಮುಖ್ಯ ಅನ್ನಿಸಿದ್ದು, ಅದನ್ನ ವರ್ಷ ವರ್ಷ ಸವರಿ ಅಂಕೆಯಲ್ಲಿ ಇಟ್ಟವರು ಯಾರು. ಉದ್ದ ಇದೆ. ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

2/9
ಮೊದಲು ನಿಜವಾದ ವಿಸ್ಟೀರಿಯಾ ಕಥೆ. ಕಾಮರ್ಸ್ ಓದೋರಿಗೆ ಇದು ಸಿಲಬಸ್ಸಿನ ಒಳಗಿಂದ್ದೇ ಅನ್ನಿಸತ್ತೆ.

1800ರ ಆಸುಪಾಸು. ಚೀನಾದ ಜೊತೆ ವ್ಯಾಪಾರ ಮಾಡಬೇಕು ಅಂದ್ರೆ ವಿದೇಶಿಯರಿಗೆ ಇದ್ದಿದ್ದು ಕ್ಯಾಂಟನ್ ಅನ್ನೋ ಒಂದೇ ಬಂದರು. ಅಲ್ಲೂ ಯಾರ ಹತ್ತಿರ ಬೇಕಾದ್ರೂ ಟೀ ಕೊಳ್ಳೋ ಹಾಗಿರಲಿಲ್ಲ. ಸರ್ಕಾರದ ಪರವಾನಗಿ ಇದ್ದ ಕೆಲವೇ ವ್ಯಾಪಾರಿಗಳ ಮೂಲಕ ಕೊಳ್ಳಬೇಕು. ಅವರಲ್ಲಿ ಒಬ್ಬ ಪಾನ್ ಚಾಂಗ್‌ಯಾವೊ. ಇಂಗ್ಲಿಷರು ಅವನನ್ನ ಕರೀತಿದ್ದಿದ್ದು ಕಾನ್ಸೀಕ್ವಾ ಅಂತ. ಅವನ ತೋಟದಲ್ಲಿ ಈ ನೇರಳೆ ಬಳ್ಳಿ ಇತ್ತು. ಈಸ್ಟ್ ಇಂಡಿಯಾ ಕಂಪನಿಗೆ ಟೀ ಪರೀಕ್ಷೆ ಮಾಡೋ ಕೆಲಸದಲ್ಲಿದ್ದ ಜಾನ್ ರೀವ್ಸ್‌ಗೆ ಗಿಡಗಳ ಹುಚ್ಚು. ಆ ತೋಟದ ಬಳ್ಳಿಯಿಂದ ಮಾಡಿದ ಸಸಿಗಳು 1816ರಲ್ಲಿ ಟೀ ಹಡಗುಗಳಲ್ಲಿ ಇಂಗ್ಲೆಂಡ್ ಸೇರಿದವು. ಹಡಗುಗಳ ಹೆಸರು ಕಫ್ನೆಲ್ಸ್ ಮತ್ತು ವಾರೆನ್ ಹೇಸ್ಟಿಂಗ್ಸ್. ನೋಡಿ, ಹಡಗಿಗೂ ನಮ್ಮ ಇತಿಹಾಸ ಪುಸ್ತಕದ ಗವರ್ನರ್ ಜನರಲ್ ಹೆಸರೇ.

ಕಾನ್ಸೀಕ್ವಾ ಕಥೆ ಏನಾಯ್ತು? ಅವನು ಅಮೆರಿಕದ ವ್ಯಾಪಾರಿಗಳಿಗೆ ಧಾರಾಳವಾಗಿ ಉದ್ದರಿ ಕೊಟ್ಟಿದ್ದ. ಅವರು ವಾಪಸ್ ಕೊಡಲಿಲ್ಲ. 1814ರಲ್ಲಿ ಅವನು ನೇರವಾಗಿ ಅಮೆರಿಕದ ಅಧ್ಯಕ್ಷ ಮ್ಯಾಡಿಸನ್‌ಗೇ ಅರ್ಜಿ ಬರೆದ, ನಿಮ್ಮ ಜನ ನನ್ನ ದುಡ್ಡು ಕೊಡ್ತಿಲ್ಲ ಅಂತ. ಕೊನೆಗೆ 1823ರಲ್ಲಿ ಸಾಲದಲ್ಲೇ ಸತ್ತ, ದಿವಾಳಿಯಾಗಿ. ಡೆಟರ್ಸ್ ಕಾಲಮ್ ದಪ್ಪ ಇದ್ದ ಮಾತ್ರಕ್ಕೆ ಕೈಯಲ್ಲಿ ಕ್ಯಾಶ್ ಇರಲ್ಲ ಅಂತ ನಮ್ಮ ಮೇಡಮ್ ಹೇಳ್ತಿರ್ತಾರಲ್ಲ, ಅದಕ್ಕಿಂತ ಒಳ್ಳೇ ಉದಾಹರಣೆ ನನಗೆ ಸಿಕ್ಕಿಲ್ಲ.

ಬಳ್ಳಿಗೆ ಅವನ ಹೆಸರು ಉಳೀತಾ? ಸ್ವಲ್ಪ ಕಾಲ ಉಳೀತು. ಲೌಡನ್ ಅನ್ನೋ ತೋಟಗಾರಿಕೆಯ ಬರಹಗಾರ ‘ಕಾನ್ಸೀಕ್ವಾನಾ’ ಅಂತ ಕರೆದಿದ್ದ. ಆಮೇಲೆ ಅದು ಬಿದ್ದುಹೋಯ್ತು. ನಿಂತಿದ್ದು 1818ರಲ್ಲಿ ಥಾಮಸ್ ನಟ್ಟಾಲ್ ಇಟ್ಟ ವಿಸ್ಟೀರಿಯಾ ಅನ್ನೋ ಹೆಸರು. ಅದು ಫಿಲಡೆಲ್ಫಿಯಾದ ಅಂಗರಚನಾ ಶಾಸ್ತ್ರದ ಪ್ರೊಫೆಸರ್ ಕ್ಯಾಸ್ಪರ್ ವಿಸ್ಟಾರ್ ನೆನಪಿಗೆ. ಆ ಪ್ರೊಫೆಸರ್‌ಗೂ ಕ್ಯಾಂಟನ್ನಿನ ತೋಟಕ್ಕೂ ಯಾವ ಸಂಬಂಧವೂ ಇಲ್ಲ.

3/9
ಇಂಗ್ಲೆಂಡಿಗೆ ಬಂದ ಆ ಸಸಿಗಳಲ್ಲಿ ಒಂದನ್ನ ಮೊದಲು ಬಿಸಿ ಗಾಜಿನ ಮನೆಯಲ್ಲಿ ಇಟ್ಟಿದ್ರಂತೆ, ಪೂರ್ವ ದೇಶದ ಗಿಡ, ಚಳಿ ತಡೆಯಲ್ಲ ಅಂದುಕೊಂಡು. ಅದು ಸಾಯೋ ಸ್ಥಿತಿಗೆ ಬಂತು. ಹೊರಗೆ ತಂಪಿನ ಜಾಗಕ್ಕೆ ಹಾಕಿದ ಮೇಲೆ ಚಿಗುರ್ತು.

ಬೆಂಗಳೂರಿನ ಸಮಸ್ಯೆಯೂ ಇದೇ. ವಿಸ್ಟೀರಿಯಾಗೆ ಚಳಿಗಾಲ ಬೇಕು, ನಿಜವಾದ ಚಳಿಗಾಲ. ಎಲೆ ಪೂರ್ತಿ ಉದುರಿ, ಎರಡು ಮೂರು ತಿಂಗಳು ಬಳ್ಳಿ ಸತ್ತ ಹಾಗೆ ಮಲಗಿ, ಆಮೇಲೆ ಬೆಚ್ಚಗಾದಾಗ ಎಲೆಗಿಂತ ಮುಂಚೆ ಅಥವಾ ಎಲೆ ಜೊತೆಗೇ ಹೂ. ನಮ್ಮೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಮೇಲಿದೆ, ನಿಜ. ಆದರೂ ಇಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ, ಒಂದು ದಿನದ ಮಾತು. ನಾವು ಸ್ವೆಟರ್ ಹಾಕ್ಕೊಂಡು ‘ಏನ್ ಚಳಿ ಗುರೂ’ ಅನ್ನೋದು ವಿಸ್ಟೀರಿಯಾಗೆ ಲೆಕ್ಕಕ್ಕೇ ಇಲ್ಲ. ಆನ್‌ಲೈನಲ್ಲಿ ಬೀಜ ತರಿಸಿ ಬಿತ್ತಿದರೆ ಬಳ್ಳಿ ಬರತ್ತೆ, ಎಲೆ ಬರತ್ತೆ, ಹೂ ಮಾತ್ರ ಕಾಯಿಸತ್ತೆ. ಬೀಜದಿಂದ ಬೆಳೆಸಿದ್ದು ತಣ್ಣನೆ ದೇಶಗಳಲ್ಲೇ ಹತ್ತು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ತಗೊಳ್ಳತ್ತೆ.

ಒಂದು ಎಚ್ಚರಿಕೆ. ವಿಸ್ಟೀರಿಯಾ ನಮ್ಮ ಅವರೆಕಾಯಿಯ ಕುಟುಂಬದ್ದೇ. ಕಾಯಿ ನೋಡಿದರೆ ಮಖಮಲ್ ಸುತ್ತಿದ ದೊಡ್ಡ ಅವರೆಕಾಯಿ ಹಾಗೇ ಇರತ್ತೆ. ಆದರೆ ಬೀಜ ವಿಷ. ಮನೇಲಿ ಚಿಕ್ಕ ಮಕ್ಕಳಿದ್ರೆ ಆ ಪ್ಯಾಕೆಟ್ ಕೈಗೆ ಸಿಗದ ಹಾಗೆ ಇಡಿ.

ಅದನ್ನ ಸವರೋ ರೀತಿ ಮಾತ್ರ ತಿಳಿದುಕೊಂಡಿರಬೇಕು, ಯಾಕಂದ್ರೆ ಮುಂದೆ ಬರೋ ವಿಷಯಕ್ಕೆ ಅದು ಬೇಕು. ವಿಸ್ಟೀರಿಯಾಗೆ ವರ್ಷಕ್ಕೆ ಎರಡು ಸಲ ಕತ್ತರಿ. ಹೂ ಮುಗಿದು ಬೇಸಿಗೆಯಲ್ಲಿ ಚಾಟಿ ಹಾಗೆ ಉದ್ದುದ್ದ ಬಂದ ಹೊಸ ಕುಡಿಗಳನ್ನ ಐದಾರು ಎಲೆ ಬಿಟ್ಟು ಕತ್ತರಿಸ್ತಾರೆ. ಮತ್ತೆ ಚಳಿಗಾಲದಲ್ಲಿ, ಎಲೆ ಇಲ್ಲದಾಗ, ಅದೇ ಕುಡಿಗಳನ್ನ ಎರಡು ಮೂರು ಮೊಗ್ಗಿನ ತನಕ ಮೊಟಕು ಮಾಡ್ತಾರೆ. ಬಳ್ಳಿಗೆ ಉದ್ದ ಓಡೋ ದಾರಿ ಮುಚ್ಚಿದಾಗ ಆ ಮೊಟಕು ಗೆಣ್ಣುಗಳಲ್ಲಿ ಹೂಮೊಗ್ಗು ಕಟ್ಟತ್ತೆ. ಸುಮ್ಮನೆ ಬಿಟ್ರೆ? ಪೈಪು ಹಿಂಡತ್ತೆ, ಕಿಟಕಿ ಸರಳು ಬಗ್ಗಿಸತ್ತೆ, ಹೆಂಚು ಎಬ್ಬಿಸತ್ತೆ. ಇಂಗ್ಲೆಂಡಿನ ಮನೆ ಮುಂದೆ ಅದು ಅಷ್ಟು ಚೆಂದ ಕಾಣೋದಕ್ಕೆ ಕಾರಣ ಏಣಿ ಹತ್ತಿದ ಯಾರೋ ಒಬ್ಬರು.

4/9
ಈಗ ನಮ್ಮ ಕಡೆಗೆ.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಬ್ರಿಟಿಷ್ ಸೈನ್ಯ ಶ್ರೀರಂಗಪಟ್ಟಣದಲ್ಲಿ ಬೀಡು ಬಿಟ್ಟಿತ್ತು. ಅಲ್ಲಿ ಜ್ವರ, ಸೊಳ್ಳೆ, ಸಾವು. ಹಾಗಾಗಿ 1809ರ ಹೊತ್ತಿಗೆ ಹಲಸೂರಿನ ಸುತ್ತಮುತ್ತಲ ಎತ್ತರದ ಬಯಲಿಗೆ ದಂಡು ಬಂತು. ದಂಡು ಅಂದ್ರೆ ಸೈನ್ಯ. ಹಳಬರು ಕಂಟೋನ್ಮೆಂಟಿಗೆ ಇವತ್ತಿಗೂ ದಂಡು ಅಂತಾರೆ. ಇನ್‌ಫೆಂಟ್ರಿ ರೋಡ್, ಬ್ರಿಗೇಡ್ ರೋಡ್, ಆರ್ಟಿಲರಿ ರೋಡ್ ಎಲ್ಲ ಆ ದಂಡಿನ ಗುರುತು. 1881ರಲ್ಲಿ ಮೈಸೂರು ರಾಜ್ಯವನ್ನ ಒಡೆಯರಿಗೆ ವಾಪಸ್ ಕೊಟ್ಟಾಗಲೂ ಈ ಭಾಗವನ್ನ ಬ್ರಿಟಿಷರು ತಮ್ಮ ಕೈಯಲ್ಲೇ ಇಟ್ಟುಕೊಂಡರು. ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್ ಅಂತ ಹೆಸರು. ಪೇಟೆಯ ಬೆಂಗಳೂರು ಒಂದು ಆಡಳಿತ, ದಂಡಿನ ಬೆಂಗಳೂರು ಇನ್ನೊಂದು. ಎರಡೂ ಒಂದೇ ಕಾರ್ಪೊರೇಷನ್ ಆಗಿದ್ದು 1949ರಲ್ಲಿ.

ಈ ಬೇರೆ ಊರಿನ ಮನೆಯೂ ಬೇರೆ ಥರ. ಪೇಟೆಯಲ್ಲಿ ಗೋಡೆಗೆ ಗೋಡೆ ಅಂಟಿಕೊಂಡ ಮನೆ, ನಡುವೆ ತೊಟ್ಟಿ. ಇಲ್ಲಿ ಕಾಂಪೌಂಡಿನ ನಡುವೆ ಬಂಗಲೆ, ಸುತ್ತ ತೋಟ. ಮುಂದೆ ಮರದ ಪಟ್ಟಿಗಳ ಜಾಲರಿ ಹಾಕಿದ ವರಾಂಡ, ಕಿಟಕಿ ಮತ್ತು ಪೋರ್ಟಿಕೋ ಮೇಲೆ ಮೂತಿ ಚೂಪಾದ ಮರದ ತಲೆಗಟ್ಟು. ಅದಕ್ಕೆ ಮಂಕಿ ಟಾಪ್ ಅಂತ ಹೆಸರು. ರಿಚರ್ಡ್ಸ್ ಟೌನ್, ಕಾಕ್ಸ್ ಟೌನ್ ಒಳಗಿನ ರಸ್ತೆಗಳಲ್ಲಿ ತಲೆ ಎತ್ತಿ ನಡೆದ್ರೆ ಈಗಲೂ ಒಂದೆರಡು ಸಿಗತ್ತೆ (ಸ್ಲೈಡ್ 4 ನೋಡಿ). ಆ ಜಾಲರಿ ಗಾಳಿಗೆ, ಮರೆಗೆ ಮಾಡಿದ್ದು, ಆದರೆ ಬಳ್ಳಿಗೆ ಅದಕ್ಕಿಂತ ಒಳ್ಳೇ ಹಂದರ ಬೇಕಾ?

ನೀರು ಎಲ್ಲಿಂದ? ಮೊದಲು ಬಾವಿ, ಹಲಸೂರು ಕೆರೆ. ದಂಡಿಗೆ ನೀರು ಸಾಲದೆ 1882ರಲ್ಲಿ ಸ್ಯಾಂಕಿ ಕೆರೆ ಕಟ್ಟಿದ್ರು. 1896ರಲ್ಲಿ ಹೆಸರಘಟ್ಟದ ನೀರು ಪೈಪಲ್ಲಿ ಊರಿಗೆ ಬಂತು. ಅದಕ್ಕೆ ಮುಂಚೆ ತೋಟದ ಪ್ರತಿ ಬಳ್ಳಿಯೂ ಯಾರದೋ ಹೆಗಲ ಮೇಲೆ ಚರ್ಮದ ಚೀಲದಲ್ಲಿ ಬಂದ ನೀರು ಕುಡಿದದ್ದು. ಆ ಕೆಲಸದವರಿಗೆ ಭಿಸ್ತಿ ಅಂತಿದ್ರು.

5/9
ಆ 1896ರಲ್ಲೇ, ಅಕ್ಟೋಬರಲ್ಲಿ, 21 ವರ್ಷದ ಒಬ್ಬ ಲೆಫ್ಟಿನೆಂಟ್ ಇಲ್ಲಿಗೆ ಬಂದ. ವಿನ್‌ಸ್ಟನ್ ಚರ್ಚಿಲ್. ನಮಗಿಂತ ಒಂದೇ ವರ್ಷ ದೊಡ್ಡವನು! ಅವನ ಬಗ್ಗೆ ನನಗೆ ವಿಶೇಷ ಪ್ರೀತಿ ಏನಿಲ್ಲ, ಬಂಗಾಳದ ಕ್ಷಾಮದ ವಿಷಯ ನಿಮಗೂ ಗೊತ್ತು. ಆದರೆ ಕಂಟೋನ್ಮೆಂಟ್ ತೋಟದ ಬಗ್ಗೆ ಅವನು ಆತ್ಮಕಥೆಯಲ್ಲಿ ಬರೆದಿರೋದನ್ನ ಬಿಡೋಕಾಗಲ್ಲ.

ಮೂರು ಜನ ಆಫೀಸರ್‌ಗಳು ದುಡ್ಡು ಹಾಕಿ ಒಂದು ಬಂಗಲೆ ತಗೋತಾರೆ. ಗುಲಾಬಿ ಬಿಳಿ ಬಣ್ಣದ ಮನೆ, ಹೆಂಚಿನ ಮಾಡು, ಬಿಳಿ ಕಂಬಗಳ ಆಳದ ವರಾಂಡ, ಕಂಬಕ್ಕೆಲ್ಲ ಸುತ್ತಿಕೊಂಡ ನೇರಳೆ ಬೋಗನ್‌ವಿಲ್ಲಾ. ಕಾಂಪೌಂಡು ಸುಮಾರು ಎರಡು ಎಕರೆ. ಹಿಂದೆ ಇದ್ದವರು ಬಿಟ್ಟುಹೋದ ಗುಲಾಬಿ ಗಿಡಗಳೇ 150ರಷ್ಟು. ಅವುಗಳ ಹೆಸರನ್ನೂ ಬರೆದಿದ್ದಾನೆ: ಮಾರೆಶಲ್ ನೀಲ್, ಲಾ ಫ್ರಾನ್ಸ್, ಗ್ಲುವಾರ್ ದ ದೀಜೋನ್.

ಆಮೇಲೆ ಕೆಲಸದವರ ಪಟ್ಟಿ ಬರತ್ತೆ. ಮೂವರಿಗೂ ಸೇರಿ ಇಬ್ಬರು ಮಾಲಿಗಳು, ಮೂವರು ಭಿಸ್ತಿಗಳು, ನಾಲ್ವರು ಅಗಸರು, ಒಬ್ಬ ಕಾವಲುಗಾರ.

ಇದನ್ನ ಓದುವಾಗ ನಾನು ಒಂದು ಕಡೆ ನಿಂತುಬಿಟ್ಟೆ. ಗುಲಾಬಿಗಳಿಗೆ ಹೆಸರಿದೆ. ಆ ಗುಲಾಬಿ ಸವರಿದ ಇಬ್ಬರಿಗೆ ಇರೋದು ಸಂಖ್ಯೆ. 150 ಗುಲಾಬಿ, ಎರಡು ಎಕರೆ, ಕಂಬ ಕಂಬಕ್ಕೂ ಮುಳ್ಳಿನ ಬಳ್ಳಿ, ಎರಡು ಜನ. ಬೋಗನ್‌ವಿಲ್ಲಾ ಒಂದು ಸಲ ಸವರಿ ನೋಡಿ, ಮೊಣಕೈ ತನಕ ಗೀರು. ಆ ‘ಸುತ್ತಿಕೊಂಡ’ ಅನ್ನೋ ಪದದ ಹಿಂದೆ ಎಷ್ಟು ಬೆಳಗ್ಗೆಗಳಿವೆ ಅಂತ ಆ ಪುಸ್ತಕದಲ್ಲಿ ಇಲ್ಲ.

(ಕಾಮರ್ಸ್‌ನವರಿಗೆ ಬೋನಸ್: ಬೆಂಗಳೂರು ಕ್ಲಬ್ಬಿನ 1899ರ ಲೆಡ್ಜರಿನಲ್ಲಿ ಬಾಕಿದಾರರ ಪಟ್ಟಿಯಲ್ಲಿ ಚರ್ಚಿಲ್ ಹೆಸರಿದೆ. 13 ರೂಪಾಯಿ. ಬ್ಯಾಡ್ ಡೆಟ್.)

6/9
ಬಳ್ಳಿಗಳ ಹೆಸರುಗಳನ್ನೇ ಒಂದು ಸಲ ಸಾಲಾಗಿ ನೋಡೋಣ.

ಬೋಗನ್‌ವಿಲ್ಲಾ: ಫ್ರೆಂಚ್ ನೌಕಾಧಿಕಾರಿ ಬೂಗನ್‌ವಿಲ್ ಹೆಸರು. ಅವನ ಹಡಗಿನ ಜೊತೆ ಹೋದ ಸಸ್ಯವಿಜ್ಞಾನಿ ಕಾಮರ್ಸನ್, 1767ರಲ್ಲಿ ಬ್ರೆಜಿಲಿನ ರಿಯೋದಲ್ಲಿ ಈ ಬಳ್ಳಿ ಅವರಿಗೆ ಸಿಗತ್ತೆ. ಕಾಮರ್ಸನ್‌ಗೆ ಕಾಲು ನೋವು. ಬೆಟ್ಟಗುಡ್ಡ ಹತ್ತಿ ಗಿಡ ಹೊತ್ತು ತರ್ತಿದ್ದಿದ್ದು ಅವನ ಸಹಾಯಕ. ಆ ಸಹಾಯಕ ಗಂಡಸಲ್ಲ, ಗಂಡಸಿನ ಬಟ್ಟೆ ಹಾಕ್ಕೊಂಡು ಹಡಗು ಹತ್ತಿದ ಝಾನ್ ಬಾರೆ ಅನ್ನೋ ಹೆಂಗಸು. ಜಗತ್ತು ಸುತ್ತಿದ ಮೊದಲ ಹೆಣ್ಣು ಅಂತ ಈಗ ಅವಳನ್ನ ಗುರುತಿಸ್ತಾರೆ. ಅವಳ ಹೆಸರಲ್ಲಿ ಒಂದು ಗಿಡಕ್ಕೆ ನಾಮಕರಣ ಆಗಿದ್ದು 2012ರಲ್ಲಿ, ಬದನೆ ಕುಟುಂಬದ ಒಂದು ಜಾತಿಗೆ. 245 ವರ್ಷ ಬೇಕಾಯ್ತು.

ಪೆಟ್ರಿಯಾ, ಅಂದ್ರೆ ನಮ್ಮ ಗೇಟಿನ ಬಳ್ಳಿ: ಇಂಗ್ಲೆಂಡಿನ ಎಂಟನೇ ಲಾರ್ಡ್ ಪೀಟರ್ ಹೆಸರು. ಗಿಡಗಳ ಹುಚ್ಚಿನ ಶ್ರೀಮಂತ, 1742ರಲ್ಲಿ 29ನೇ ವಯಸ್ಸಿಗೆ ಸಿಡುಬಲ್ಲಿ ತೀರಿಹೋದ. ಬಳ್ಳಿಯ ತವರು ಮೆಕ್ಸಿಕೋ ಮತ್ತು ಅದರ ಕೆಳಗಿನ ದೇಶಗಳು. ಅಲ್ಲಿನ ಬಿಸಿಲು ಕಂಡ ಗಿಡ ಆದ್ದರಿಂದ ಬೆಂಗಳೂರು ಅದಕ್ಕೆ ಆರಾಮ. ಚಳಿ ಕಾಯೋದಿಲ್ಲ. ಇಲ್ಲಿ ಫೆಬ್ರವರಿಯಿಂದ ಏಪ್ರಿಲ್ ಒಳಗೆ ಒಂದು ಜೋರು ಹೂ, ಕೆಲವು ವರ್ಷ ಮಳೆ ಆದ ಮೇಲೆ ಇನ್ನೊಂದು ಚಿಕ್ಕ ಕಂತು. ಹತ್ತಿರ ಹೋಗಿ ನೋಡಿದ್ರೆ ಗೊಂಚಲಲ್ಲಿ ಎರಡು ಬಣ್ಣ. ಮಧ್ಯದ ಗಾಢ ನೇರಳೆಯೇ ನಿಜವಾದ ಹೂ, ಅದು ಒಂದೆರಡು ದಿನಕ್ಕೆ ಉದುರತ್ತೆ. ಸುತ್ತ ನಕ್ಷತ್ರದ ಹಾಗಿರೋ ತಿಳಿ ನೇರಳೆ ಐದು ಎಸಳು ಹೂವಿನ ತೊಟ್ಟಿನ ಬಟ್ಟಲು. ಅದು ವಾರಗಟ್ಟಲೆ ನಿಂತು, ಬೂದಿ ಬಣ್ಣ ಆಗಿ, ಕೊನೆಗೆ ಗಾಳಿಗೆ ಹೆಲಿಕಾಪ್ಟರ್ ಥರ ತಿರುಗ್ತಾ ಬೀಳತ್ತೆ. ಎಲೆ ಮುಟ್ಟಿದ್ರೆ ಸ್ಯಾಂಡ್ ಪೇಪರ್. ಹಿಡ್ಕೊಂಡು ಉಜ್ಜಿದ್ರೆ ಉಗುರಿಗೆ ಪಾಲಿಶ್ ಬರತ್ತೆ, ಟ್ರೈ ಮಾಡಿ.

ಇನ್ನೊಂದು ಬಳ್ಳಿ ಹೇಳದೆ ಹೋದ್ರೆ ಅನ್ಯಾಯ. ಥನ್‌ಬರ್ಜಿಯಾ ಮೈಸೂರೆನ್ಸಿಸ್. ಇದು ನಮ್ಮದೇ, ಪಶ್ಚಿಮ ಘಟ್ಟದ್ದು. ಹೆಸರಿನ ಬಾಲದಲ್ಲಿ ಮೈಸೂರೂ ಇದೆ. ಹಳದಿ ಕೆಂಪು ಹೂ ಉದ್ದನೆ ದಾರದಲ್ಲಿ ಪೋಣಿಸಿದ ಹಾಗೆ ಚಪ್ಪರದಿಂದ ನೇತಾಡತ್ತೆ, ಸೂರಕ್ಕಿಗಳು ಬಂದು ಜೇನು ಹೀರ್ತವೆ. ವಿಸ್ಟೀರಿಯಾ ಥರ ನೇತಾಡೋ ಹೂವೇ ಬೇಕು ಅನ್ನೋರಿಗೆ ನನ್ನ ಓಟು ಇದಕ್ಕೆ. ಆದರೆ ಹೆಸರಿನ ತಲೆ ಮಾತ್ರ ಥನ್‌ಬರ್ಗ್ ಅನ್ನೋ ಸ್ವೀಡನ್ನಿನವನದ್ದು.

7/9
ಮಾಲಿಗಳು ಅಂದ್ರೆ ಯಾರು?

ಬೆಂಗಳೂರಿನ ತೋಟಗಾರಿಕೆಯ ಇತಿಹಾಸ ಅಂದ್ರೆ ಲಾಲ್‌ಬಾಗ್, ಲಾಲ್‌ಬಾಗ್ ಅಂದ್ರೆ ಸೂಪರಿಂಟೆಂಡೆಂಟುಗಳ ಪಟ್ಟಿ. 1760ರಲ್ಲಿ ಹೈದರ್ ಶುರು ಮಾಡಿದ್ದು, 1856ರಲ್ಲಿ ಸರ್ಕಾರಿ ಸಸ್ಯತೋಟ ಆಗಿದ್ದು, 1858ರಲ್ಲಿ ಕ್ಯೂ ತೋಟದಿಂದ ವಿಲಿಯಂ ನ್ಯೂ ಬಂದಿದ್ದು, 1874ರಿಂದ ಕ್ಯಾಮರಾನ್, 1908ರಿಂದ ಕ್ರುಂಬಿಗಲ್. ಅವರೆಲ್ಲ ದೊಡ್ಡ ಕೆಲಸ ಮಾಡಿದ್ದಾರೆ, ಇಲ್ಲ ಅನ್ನಲ್ಲ. ವರ್ಷವಿಡೀ ಒಂದಾದ ಮೇಲೊಂದು ಮರ ಹೂ ಬಿಡೋ ಹಾಗೆ ನಮ್ಮ ರಸ್ತೆಗಳಿಗೆ ಮರ ಆರಿಸಿದ್ದಕ್ಕೆ ಕ್ರುಂಬಿಗಲ್‌ಗೆ ನಾನೂ ಋಣಿ. ಆದರೆ ಗುದ್ದಲಿ ಹಿಡಿದ ಕೈಗಳದ್ದು ಸಮುದಾಯದ ಹೆಸರಷ್ಟೇ ಉಳಿದಿದೆ. ತಲೆಮಾರುಗಳಿಂದ ಹೂ, ತರಕಾರಿ, ತೋಟದ ಕೆಲಸ ಬಲ್ಲ ತಿಗಳರು, ಕರಗ ಹೊರೋ ಜನ. ಕಂಟೋನ್ಮೆಂಟಿಗೆ ದಂಡಿನ ಜೊತೆ ಮದ್ರಾಸ್ ಕಡೆಯಿಂದ ಬಂದ ತಮಿಳು ಕುಟುಂಬಗಳಲ್ಲೂ ಬಂಗಲೆ ತೋಟಕ್ಕೆ ಸೇರಿದವರಿದ್ದರು.

ನಮ್ಮ ತಾತನೂ ಮಾಲಿ. ಹದಿನಾಲ್ಕನೇ ವಯಸ್ಸಿಗೆ ಕಾಕ್ಸ್ ಟೌನಿನ ಒಂದು ಬಂಗಲೆಗೆ ನೀರು ಹಾಕೋ ಹುಡುಗನಾಗಿ ಸೇರಿ, ಐವತ್ತು ವರ್ಷ ಆ ಸುತ್ತಿನ ನಾಲ್ಕಾರು ತೋಟ ನೋಡಿಕೊಂಡವರು. ಫೋಟೋದ ಗೇಟಿನ ಬಳ್ಳಿಯೂ ಅವರ ಕೈಯಲ್ಲಿ ಬೆಳೆದದ್ದೇ. ಈಗ 78, ಮಂಡಿ ಬಗ್ಗಲ್ಲ, ಕುರ್ಚಿ ಮೇಲೆ ಕೂತು ನನಗೆ ಆರ್ಡರ್ ಮಾಡ್ತಾರೆ.

ಅವರ ಹತ್ತಿರ ತಿಂಗಳ ಲೆಕ್ಕ ಇಲ್ಲ. ‘ಪಲ್ಲಕ್ಕಿ ಆದ್ಮೇಲೆ ಕತ್ತರಿ’ ಅಂತಾರೆ. ಹಲಸೂರಿನ ಸೋಮೇಶ್ವರನ ಜಾತ್ರೆಗೆ ಚೈತ್ರದಲ್ಲಿ ಹೂವಿನ ಪಲ್ಲಕ್ಕಿಗಳು ಬರ್ತವಲ್ಲ, ಅಷ್ಟು ಹೊತ್ತಿಗೆ ಪೆಟ್ರಿಯಾದ ಹೂ ಮುಗಿದು ಬೂದಿ ನಕ್ಷತ್ರ ಉದುರ್ತಿರತ್ತೆ. ಆಗ ಸವರಬೇಕು, ಮುಂಗಾರಿಗೆ ಮುಂಚೆ. ಮಳೆಗೆ ಹೊಸ ಕುಡಿ ಬರತ್ತೆ, ಆ ಕುಡಿ ಬಲಿತು ಮುಂದಿನ ವರ್ಷ ಹೂ ಹೊರತ್ತೆ. ಡಿಸೆಂಬರ್ ಜನವರಿಯಲ್ಲಿ ‘ಕ್ಲೀನಾಗಿ ಕಾಣಲಿ’ ಅಂತ ಕತ್ತರಿಸೋರನ್ನ ಕಂಡ್ರೆ ಅವರಿಗೆ ಕೋಪ. ‘ಗರ್ಭಿಣಿ ಹೊಟ್ಟೆಗೆ ಒದ್ದಂಗೆ ಕಣೋ ಅದು’ ಅಂತಾರೆ.

ಬಾಕಿ ನಿಯಮಗಳು ನಾನು ಕೇಳಿ ಬರ್ಕೊಂಡಿದ್ದು. ಮೊದಲು ಸತ್ತ ಕಡ್ಡಿ ತೆಗಿ, ಆಗ ಬಳ್ಳಿ ಯಾವ ಕಡೆ ಹೋಗೋಕೆ ನೋಡ್ತಿದೆ ಅಂತ ಕಾಣತ್ತೆ. ನಾಲ್ಕೈದು ದಪ್ಪ ತೋಳು ಸಾಕು, ಬೇರೆಲ್ಲ ಬುಡಕ್ಕೆ. ಉಳಿದ ಪಕ್ಕದ ಕುಡಿಗಳನ್ನ ಒಂದು ಗೇಣು ಬಿಟ್ಟು ಕತ್ತರಿಸು. ಗೆಣ್ಣಿನ ಮೇಲೆ, ಓರೆಯಾಗಿ, ನೀರು ನಿಲ್ಲದ ಹಾಗೆ. ಕಬ್ಬಿಣದ ತಂತಿಯಿಂದ ಕಟ್ಟಬೇಡ, ಬಾಳೆ ನಾರೋ ಹಳೇ ಪಂಚೆ ಚೂರೋ ಸಾಕು, ಅದು ತಾನೇ ಕೊಳೆತು ಬಿಟ್ಟುಕೊಡತ್ತೆ. ಮೊದಲ ಎರಡು ವರ್ಷ ಹೂ ಕೇಳಬೇಡ.

ಅವರಿಗೆ ವಿಸ್ಟೀರಿಯಾದ ಹೆಸರೂ ಗೊತ್ತಿಲ್ಲ, ಪೆಟ್ರಿಯಾದ ಹೆಸರೂ ಗೊತ್ತಿಲ್ಲ. ‘ಗರಗರ ಎಲೆ ಬಳ್ಳಿ’ ಅಂತಾರೆ. ಕತ್ತರಿಯ ತುಕ್ಕನ್ನ ಅದರ ಎಲೆಯಿಂದಲೇ ಉಜ್ತಿದ್ರಂತೆ. ಹೂ ಕಟ್ಟೋಕೆ ಬಳ್ಳಿಯ ಓಟ ಮೊಟಕು ಮಾಡಬೇಕು ಅನ್ನೋ ಇಂಗ್ಲಿಷ್ ಪುಸ್ತಕದ ಮಾತನ್ನ ನಾನು ಓದಿ ಹೇಳಿದಾಗ ಅವರು ನಕ್ಕುಬಿಟ್ರು, ಇದಕ್ಕೂ ಪುಸ್ತಕ ಬೇಕಾ ಅಂತ.

8/9
1947ರ ನಂತರ ಬಂಗಲೆಗಳ ಕೈ ಬದಲಾಯ್ತು. ಬ್ರಿಟಿಷರು ಹೋದ್ರು, ಎಷ್ಟೋ ಆಂಗ್ಲೋ ಇಂಡಿಯನ್ ಕುಟುಂಬಗಳು ಆಸ್ಟ್ರೇಲಿಯಾ, ಇಂಗ್ಲೆಂಡ್ ಕಡೆ ಹೊರಟವು, ಹೊಸ ಮಾಲೀಕರು ಬಂದ್ರು. ಇಂದಿರಾನಗರ ಬಡಾವಣೆ ಬೆಳೆದ ಕಾಲಕ್ಕೆ ಸೈಟಿನ ಅಳತೆ ಅಡಿಗಳಲ್ಲಿ ಬಂತು, ಎಕರೆ ಮರೆತುಹೋಯ್ತು. ಆದರೂ ಆ ಮೊದಲ ಮನೆಗಳವರು ಗೇಟಿನ ಮೇಲೆ ಒಂದು ಬಳ್ಳಿಗೆ ಜಾಗ ಬಿಟ್ಟಿದ್ದರು. ಬಂಗಲೆಯ ಆಸೆಯ ಚಿಕ್ಕ ತುಂಡು ಅದು ಅಂತ ನನಗನ್ನಿಸತ್ತೆ. ಈಗ ಆ ಮನೆಗಳೇ ಅಂಗಡಿ, ಕೆಫೆ. ಅಲ್ಲೇ ಸೀಲಿಂಗಿಗೆ ಪ್ಲಾಸ್ಟಿಕ್ ವಿಸ್ಟೀರಿಯಾ. ನೀರು ಬೇಡ, ಮಾಲಿ ಬೇಡ, ತಿಂಗಳಿಗೊಮ್ಮೆ ಧೂಳು ಒರೆಸಿದ್ರೆ ಆಯ್ತು.

ಫೋಟೋದ ಮನೆ ಮಾರಾಟ ಆಗಿದೆ. ಆಗಸ್ಟಲ್ಲಿ ಕೆಡವಿದ್ರು, ಅಪಾರ್ಟ್‌ಮೆಂಟ್ ಬರತ್ತೆ. ಮಾಲೀಕರ ಮೇಲೆ ನನಗೆ ಸಿಟ್ಟಿಲ್ಲ. ನಾಲ್ಕು ಜನ ಅಣ್ಣತಮ್ಮಂದಿರು, ಒಂದು ಮನೆ, ಸೋರೋ ಹೆಂಚು. ಲೆಕ್ಕ ಯಾರಿಗೂ ಅರ್ಥ ಆಗತ್ತೆ.

ನನ್ನ ತಲೆ ಕೊರೆದಿದ್ದು ಬೇರೆ ಲೆಕ್ಕ. ಕ್ರಯಪತ್ರದಲ್ಲಿ ಜಾಗಕ್ಕೆ ಬೆಲೆ ಇದೆ, ಕಟ್ಟಡಕ್ಕೆ ಬೆಲೆ ಇದೆ. ಬಳ್ಳಿಗೆ ಸೊನ್ನೆ. ಕರ್ನಾಟಕದಲ್ಲಿ ಮರ ಕಡಿಯೋಕೆ 1976ರ ಮರಗಳ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಮತಿ ಬೇಕು. ಆದರೆ ಆ ಕಾಯ್ದೆ ಮರಗಳದ್ದು. ಬಳ್ಳಿ ತನ್ನ ಕಾಲ ಮೇಲೆ ತಾನು ನಿಲ್ಲಲ್ಲವಲ್ಲ, ಅದು ಮರ ಅಲ್ಲ. ನಮ್ಮ ಅಕೌಂಟಿಂಗ್ ಸ್ಟ್ಯಾಂಡರ್ಡಲ್ಲಾದ್ರೂ ಗಿಡಕ್ಕೆ ಆಸ್ತಿ ಅನ್ನೋ ಗೌರವ ಇದೆ ಅಂತ ಹುಡುಕಿದೆ. ಇಂಡ್ ಎಎಸ್ 16ರ ಒಳಗೆ ಬೇರರ್ ಪ್ಲಾಂಟ್ ಅಂತ ಬರತ್ತೆ, ಟೀ ಗಿಡ, ದ್ರಾಕ್ಷಿ ಬಳ್ಳಿ ಥರದ್ದು. ಆದರೆ ಅದು ಮಾರೋ ಫಸಲು ಕೊಡಬೇಕು. ಬರೀ ಹೂ ಬಿಟ್ಟು ರಸ್ತೆಯಲ್ಲಿ ಹೋಗೋರನ್ನ ಒಂದು ನಿಮಿಷ ನಿಲ್ಲಿಸೋ ಬಳ್ಳಿಗೆ ಯಾವ ಶೆಡ್ಯೂಲಲ್ಲೂ ಸಾಲಿಲ್ಲ. ಹಾಗೇ ಅದಕ್ಕೆ ಐವತ್ತು ವರ್ಷ ಹಾಕಿದ ಕೂಲಿಯನ್ನ ಆ ಬಂಗಲೆಯವರು ಖರ್ಚು ಅಂತಲೇ ಬರೆದಿರ್ತಾರೆ, ಆಸ್ತಿ ಅಂತ ಅಲ್ಲ. ಪ್ರತಿ ವರ್ಷ ಮಾರ್ಚ್ 31ಕ್ಕೆ ಅಳಿಸಿಹೋಗೋ ಸಾಲು.

ಮಾರಾಟದ ಸುದ್ದಿ ಹೇಳಿದಾಗ ತಾತ ಹೆಚ್ಚು ಮಾತಾಡಲಿಲ್ಲ. ‘ಬುಡ ಎಷ್ಟು ದಪ್ಪ ಇದೆ ಈಗ?’ ಅಂತ ಕೇಳಿದ್ರು. ನನ್ನ ತೊಡೆ ದಪ್ಪ ಅಂದೆ. ‘ಅದನ್ನ ಕೀಳೋಕಾಗಲ್ಲ. ಗೂಟಿ ಕಟ್ಟು’ ಅಂದ್ರು.

9/9
ಜೂನಲ್ಲಿ ಮಾಲೀಕರ ಮನೆಯವರನ್ನ ಕೇಳಿ, ಅವರು ಒಪ್ಪಿದ ಮೇಲೆ ಕಟ್ಟಿದ್ದು. ಮಾಡೋ ರೀತಿ ಕೇಳಿದವರಿಗೆ (ಸ್ಲೈಡ್ 9ರ ವಿಡಿಯೋ ನೋಡ್ಕೊಂಡು ಓದಿ):

ಪೆನ್ಸಿಲ್ ದಪ್ಪದ, ತೀರಾ ಎಳೆಯದೂ ಅಲ್ಲದ ತೀರಾ ಬಲಿತದ್ದೂ ಅಲ್ಲದ ಕಡ್ಡಿ ಆರಿಸಿ. ಗೆಣ್ಣಿನ ಕೆಳಗೆ ಒಂದಿಂಚಿನಷ್ಟು ತೊಗಟೆಯನ್ನ ಉಂಗುರದ ಹಾಗೆ ಸುತ್ತ ಕೊಯ್ದು ತೆಗೀಬೇಕು. ಒಳಗಿನ ಹಸಿರು ಪದರವನ್ನೂ ಚಾಕುವಿಂದ ಕೆರೆದು ಬಿಡಿ, ಇಲ್ಲಾಂದ್ರೆ ಗಾಯ ಮುಚ್ಚಿಕೊಂಡು ಬೇರು ಬರಲ್ಲ. ಮೇಲಿಂದ ಎಲೆ ಮಾಡಿದ ಆಹಾರ ಕೆಳಗೆ ಇಳಿಯೋಕೆ ದಾರಿ ಇಲ್ಲದೆ ಅಲ್ಲೇ ನಿಲ್ಲತ್ತೆ, ಅಲ್ಲಿಂದ ಬೇರು ಹೊರಡತ್ತೆ. ಅದರ ಸುತ್ತ ಒದ್ದೆ ಮಾಡಿ ಹಿಂಡಿದ ತೆಂಗಿನ ನಾರಿನ ಪುಡಿ ಒಂದು ಮುಷ್ಟಿ, ಮೇಲೆ ಪ್ಲಾಸ್ಟಿಕ್, ಎರಡೂ ತುದಿ ಬಿಗಿಯಾಗಿ ಕಟ್ಟಿ. ಆಮೇಲೆ ಕಾಯೋದು. ಪೆಟ್ರಿಯಾ ನಿಧಾನ, ಎರಡು ಮೂರು ತಿಂಗಳು ಬೇಕು. ಮಳೆಗಾಲ ಅದಕ್ಕೆ ಒಳ್ಳೇ ಕಾಲ.

ತಾತ ಗೇಟಿನ ಹೊರಗೆ ಪ್ಲಾಸ್ಟಿಕ್ ಸ್ಟೂಲ್ ಹಾಕ್ಕೊಂಡು ಕೂತಿದ್ರು. ಏಣಿ ಮೇಲೆ ನಾನು. ‘ಎಡಕ್ಕೆ, ಅದಲ್ಲ, ಅದರ ಕೆಳಗಿಂದು’ ಅಂತ ಎರಡು ಗಂಟೆ. ಅಲ್ಲಿನ ವಾಚ್‌ಮನ್ ಅಣ್ಣ ಕೊನೆಗೆ ಮೂವರಿಗೂ ಟೀ ತರಿಸಿದ್ರು.

ಏಳು ಗೂಟಿ ಕಟ್ಟಿದ್ವಿ. ಎರಡು ಒಣಗಿತು. ಒಂದನ್ನ ಯಾರೋ ಪ್ಲಾಸ್ಟಿಕ್ ಒಳಗೆ ಏನಿದೆ ಅಂತ ಬಿಚ್ಚಿ ನೋಡಿದ್ದಾರೆ. ನಾಲ್ಕಕ್ಕೆ ಬೇರು ಬಂತು, ಮನೆ ಕೆಡವೋಕೆ ಆರು ದಿನ ಮುಂಚೆ ಕತ್ತರಿಸಿ ತಂದ್ವಿ. ಒಂದು ನಮ್ಮ ಟೆರೇಸಿನ ಡ್ರಮ್ಮಿನಲ್ಲಿದೆ. ಒಂದು ಆ ಮನೆಯ ಮಗಳಿಗೆ ಕೊಟ್ಟೆ, ಅವರು ಈಗ ಕೆ.ಆರ್. ಪುರಂ ಕಡೆ ಇದ್ದಾರೆ. ಕುಂಡಕ್ಕೆ ಒಂದು ಲೇಬಲ್ ಅಂಟಿಸಿ ಬಳ್ಳಿಯ ಹೆಸರಿನ ಕೆಳಗೆ ತಾತನ ಹೆಸರು ಬರೆದಿದ್ದೀನಿ. ಇಲ್ಲಿ ಬರೀತೀನಿ ಅಂದಿದ್ದಕ್ಕೆ ‘ಫೋನಲ್ಲೆಲ್ಲ ನನ್ನ ಹೆಸರು ಹಾಕಬೇಡ ಕಣೋ’ ಅಂದ್ರು, ಅದಕ್ಕೆ ಹಾಕಿಲ್ಲ.

ಉಳಿದ ಎರಡು ಗಿಡ ಕೊಡೋಕಿದೆ. ದುಡ್ಡು ಬೇಡ. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳಬೇಕು, ಹತ್ತು ಹದಿನೈದು ಅಡಿ ಹಬ್ಬೋಕೆ ಗಟ್ಟಿ ಹಂದರವೋ ಗೇಟೋ ಇರಬೇಕು, ಬಾಡಿಗೆ ಮನೆಯಾದ್ರೆ ಓನರ್ ಒಪ್ಪಿರಬೇಕು. ಎರಡು ವರ್ಷ ಹೂ ಕೇಳೋ ಹಾಗಿಲ್ಲ. ಪಲ್ಲಕ್ಕಿ ಆಗೋ ತನಕ ಕತ್ತರಿ ಮುಟ್ಟೋ ಹಾಗಿಲ್ಲ. ಜಾಗದ ಫೋಟೋ ಮೆಸೇಜ್ ಮಾಡಿ, ತಾತ ನೋಡಿ ಆರಿಸ್ತಾರೆ.

#ದಂಡಿನಬೆಂಗಳೂರು #ಪೆಟ್ರಿಯಾ #ಹಲಸೂರು #ಮಾಲಿ